ಹಕ್ಕಿಗೆ ಉಂಗುರ ತೊಡಿಸಿದ ಸಲೀಂ ಅಲಿ

ಗಣೇಶನ ಹಬ್ಬ ಕಳೆದು ನವರಾತ್ರಿ ಸಮೀಪಿಸುವ ಹೊತ್ತಿಗೆ ಮುಂಬಯಿಯ ಹುಲ್ಲುಹಾಸುಗಳ ಮೇಲೆ ಒಂದು ಪುಟ್ಟ ಹಕ್ಕಿ ಬಂದಿಳಿಯುತ್ತದೆ. ಬೂದು ಬೆನ್ನು, ಹಳದಿ ಹೊಟ್ಟೆ, ಅರೆಗಳಿಗೆಯೂ ಸುಮ್ಮನಿರದೆ ಮೇಲೆ ಕೆಳಗೆ ಕುಣಿಯುವ ಉದ್ದ ಬಾಲ. ಇದಕ್ಕೆ ಕನ್ನಡದಲ್ಲಿ ಬೂದು ಸಿಪಿಲೆ ಎಂದು ಹೆಸರು. ಹಿಮಾಲಯದ ತೊರೆಗಳ ಬಳಿ, ಅದಕ್ಕೂ ಆಚೆಯ ಉತ್ತರದ ನಾಡುಗಳಲ್ಲಿ ಗೂಡು ಕಟ್ಟಿ, ಮರಿಮಾಡಿ, ಚಳಿಗಾಲವನ್ನು ಕಳೆಯಲು ಅದು ನಮ್ಮ ಕಡೆಗೆ ಬರುತ್ತದೆ. ಎಲೆಗಳ ಮರೆಯಲ್ಲಿ ಹುಳು ಹೆಕ್ಕುವ ಉಲಿಯಕ್ಕಿಗಳು ಬರುವುದೂ ಇದೇ ದಿನಗಳಲ್ಲಿ. ನಾವು ರಾಜ್ಯೋತ್ಸವದ ತೋರಣ ಕಟ್ಟುವ ವೇಳೆಗೆ ಈ ಅತಿಥಿಗಳೆಲ್ಲ ತಮ್ಮ ತಮ್ಮ ಬಿಡಾರ ಹಿಡಿದಾಗಿರುತ್ತದೆ.

ಈ ಹಕ್ಕಿಗಳ ಹೋಗುಬರವನ್ನು ಬರಿಯ ಊಹೆಗೆ ಬಿಡದೆ ಲೆಕ್ಕಕ್ಕೆ ತಂದವರಲ್ಲಿ ಅಗ್ರಗಣ್ಯರು ಡಾಕ್ಟರ್ ಸಲೀಂ ಅಲಿಯವರು. ಅವರು ಹುಟ್ಟಿದ್ದೂ ಕಣ್ಮುಚ್ಚಿದ್ದೂ ಮುಂಬಯಿಯಲ್ಲಿ. ಆದರೆ ಅವರ ಬಾಳಿನ ಒಂದು ಮುಖ್ಯ ಅಧ್ಯಾಯ ನಮ್ಮ ಮಲೆನಾಡಿನ ಕಾಡೊಂದರಿಂದ ಆರಂಭವಾಗುತ್ತದೆಂಬುದು ಬಹುಮಂದಿಗೆ ತಿಳಿಯದು.

1896ನೆಯ ನವೆಂಬರ್ 12ರಂದು ಜನಿಸಿದ ಸಲೀಂ, ಮನೆಯ ಮಕ್ಕಳಲ್ಲೆಲ್ಲ ಕಿರಿಯರು. ಮಾತು ಕಲಿಯುವ ಮುನ್ನವೇ ತಂದೆಯನ್ನು, ಮೂರನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರು ಖೇತವಾಡಿಯ ತಮ್ಮ ಮನೆಯಲ್ಲಿ ಮಕ್ಕಳನ್ನು ಸಾಕಿದರು. ಮಾವ ಬೇಟೆಗಾರರು, ಹುಡುಗನ ಕೈಗೂ ಆಟದ ಬಂದೂಕು ಬಂತು. ಹತ್ತು ವರ್ಷದ ಆಸುಪಾಸಿನಲ್ಲಿ ಅವನು ಹೊಡೆದ ಗುಬ್ಬಚ್ಚಿಯೊಂದರ ಕೊರಳಿನಲ್ಲಿ ಹಳದಿಯ ಮಚ್ಚೆ ಕಂಡಿತು. ಇದಾವ ಗುಬ್ಬಿ ಎಂದು ಮಾವನನ್ನು ಕೇಳಿದರೆ ಅವರಿಗೂ ತಿಳಿಯದು. ಹುಡುಗನನ್ನು ಅವರು ಮುಂಬಯಿ ನೈಸರ್ಗಿಕ ಇತಿಹಾಸ ಸಂಘಕ್ಕೆ ಕಳುಹಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡರು ಹಕ್ಕಿಯ ಹೆಸರು ಹೇಳಿದ್ದಲ್ಲದೆ, ಅಂಜುತ್ತಂಜುತ್ತ ಒಳಬಂದಿದ್ದ ಬಾಲಕನ ಮುಂದೆ ಹಕ್ಕಿಗಳ ಸಂಗ್ರಹವನ್ನೇ ತೆರೆದಿಟ್ಟರು. ಆ ದಿನ ತೆರೆದ ಕಣ್ಣು ಮತ್ತೆ ಮುಚ್ಚಲಿಲ್ಲ.

ಓದಿನಲ್ಲಿ ಸಲೀಂ ಮುಂದಿರಲಿಲ್ಲ. ತಲೆನೋವಿನ ಕಾಟದ ನಡುವೆ 1913ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ಹೇಗೋ ದಾಟಿದರು. ಕಾಲೇಜನ್ನು ನಡುವೆಯೇ ಬಿಟ್ಟು ಮನೆಯವರ ವ್ಯಾಪಾರ ನೋಡಿಕೊಳ್ಳಲು ಬರ್ಮಾಕ್ಕೆ ಹೋದರು. ಅಲ್ಲಿ ವ್ಯಾಪಾರಕ್ಕಿಂತ ಕಾಡಿನ ಹಕ್ಕಿಗಳೇ ಹೆಚ್ಚು ಗಮನ ಸೆಳೆದವು. ಪದವಿಯಿಲ್ಲದ ಕಾರಣ ಸರಕಾರದ ಪ್ರಾಣಿಶಾಸ್ತ್ರ ಇಲಾಖೆಯ ಕೆಲಸ ಕೈತಪ್ಪಿತು. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಬಂದವರಿಗೆ ವಿವರಣೆ ಕೊಡುವ ಉದ್ಯೋಗ ದೊರೆಯಿತು. ಅಲ್ಲಿಂದ ರಜೆ ಪಡೆದು ಜರ್ಮನಿಗೆ ತೆರಳಿ, ಬರ್ಲಿನ್ನಿನಲ್ಲಿ ಎರ್ವಿನ್ ಸ್ಟ್ರೆಸೆಮನ್ನರ ಶಿಷ್ಯರಾದರು.

ಆ ಪ್ರವಾಸದಲ್ಲಿಯೇ ಅವರು ಹೆಲಿಗೋಲೆಂಡಿನ ಪಕ್ಷಿವೀಕ್ಷಣಾಲಯದ ಕೆಲಸವನ್ನು ಕಲಿತರು. ಉತ್ತರ ಸಮುದ್ರದ ನಡುವೆ ಒಂದು ಪುಟ್ಟ ಕಲ್ಲುದ್ವೀಪ. ಶರತ್ಕಾಲದಲ್ಲಿ ಉತ್ತರ ಯುರೋಪಿನಿಂದ ದಕ್ಷಿಣಕ್ಕೆ ಹೊರಟ ಹಾಡುಹಕ್ಕಿಗಳು ರಾತ್ರಿಯೆಲ್ಲ ಹಾರಿ ಬಳಲಿ ಅಲ್ಲಿ ಇಳಿಯುತ್ತವೆ. ಪೊದೆಗಳ ನಡುವೆ ಕಟ್ಟಿದ, ಮುಂದೆ ಹೋದಂತೆ ಕಿರಿದಾಗುವ ಬಲೆಯೊಳಕ್ಕೆ ಅವುಗಳನ್ನು ನಯವಾಗಿ ಅಟ್ಟಿ, ಹಿಡಿದು, ಕಾಲಿಗೆ ಸಂಖ್ಯೆ ಕೆತ್ತಿದ ಹಗುರವಾದ ಲೋಹದ ಉಂಗುರ ತೊಡಿಸಿ, ಮತ್ತೆ ಹಾರಲು ಬಿಡುತ್ತಾರೆ. ಮುಂದೆಲ್ಲೋ ಆ ಹಕ್ಕಿ ಇನ್ನೊಬ್ಬರ ಕೈಗೆ ಸಿಕ್ಕರೆ ಅದರ ದಾರಿ ತಿಳಿಯುತ್ತದೆ. ಕಲಿತ ಈ ವಿದ್ಯೆ ಫಲಿಸಲು ಮೂವತ್ತು ವರ್ಷ ಕಾಯಬೇಕಾಯಿತು.

1930ರಲ್ಲಿ ಹಿಂದಿರುಗಿದಾಗ ಹಣದ ಅಭಾವದಿಂದ ಅವರ ಹುದ್ದೆಯೇ ರದ್ದಾಗಿತ್ತು. ಮುಂಬಯಿಗೆ ಎದುರಿನ ಕಡಲತೀರದ ಕಿಹೀಮ್ ಹಳ್ಳಿಯಲ್ಲಿ ಪತ್ನಿ ತೆಹ್ಮಿನಾ ಅವರೊಡನೆ ಬಿಡಾರ ಹೂಡಿದರು. ಕೆಲಸವಿಲ್ಲದ ಆ ದಿನಗಳಲ್ಲಿ ಗೀಜಗನ ಗೂಡುಗಳ ಮುಂದೆ ಕುಳಿತು ನೋಡಿದ್ದು ಶಾಸ್ತ್ರಲೋಕದಲ್ಲಿ ಹೆಸರು ತಂದಿತು. ಬಳಿಕ ಹೈದರಾಬಾದು, ಕೊಚ್ಚಿ, ತಿರುವಾಂಕೂರು ಮೊದಲಾದ ಸಂಸ್ಥಾನಗಳ ಪಕ್ಷಿಸಮೀಕ್ಷೆಗೆ ಹೊರಟರು. ಶಿಬಿರದಿಂದ ಶಿಬಿರಕ್ಕೆ ಜೊತೆಯಾಗಿದ್ದ ತೆಹ್ಮಿನಾ 1939ರಲ್ಲಿ ತೀರಿಕೊಂಡರು. ಸಂತಾನವಿರಲಿಲ್ಲ. ಆ ದುಃಖದ ಬೆನ್ನಿಗೇ ಅವರು ಮೈಸೂರು ಸಂಸ್ಥಾನದ ಸಮೀಕ್ಷೆಯನ್ನು ಕೈಗೊಂಡರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಾದ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಸಲಹೆಯಿಂದ. ಮರುವರ್ಷ ಭಾರತೀಯ ಪಕ್ಷಿಗಳ ಬಗೆಗಿನ ಅವರ ಪ್ರಸಿದ್ಧ ಕೈಪಿಡಿ ಹೊರಬಂದಿತು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಣ ಹಳ್ಳಿಗಳ ಜನ ವಿಷಮ ಜ್ವರದಿಂದ ನರಳಿದರು, ಹಲವರು ಸತ್ತರು. ಅದೇ ಮಂಗನ ಕಾಯಿಲೆ. ಉಣುಗಿನ ಕಡಿತದಿಂದ ಹರಡುವ ಆ ರೋಗದ ವಿಷಾಣು ರಷ್ಯ ದೇಶದ ಒಂದು ಜ್ವರದ ವಿಷಾಣುವಿನ ಹತ್ತಿರದ ಬಂಧುವೆಂದು ತಿಳಿದಾಗ, ಸಂಶಯ ಬಿದ್ದದ್ದು ವಲಸೆ ಹಕ್ಕಿಗಳ ಮೇಲೆ. ಉತ್ತರದಿಂದ ಬರುವ ಅತಿಥಿಗಳೇ ಮೈಗಂಟಿದ ಉಣುಗಿನೊಡನೆ ರೋಗವನ್ನೂ ತಂದವೇ?

ಉತ್ತರ ಹುಡುಕುವ ಹೊಣೆಯಲ್ಲಿ ಒಂದು ಪಾಲು ಸಲೀಂ ಅಲಿಯವರದಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅವರ ಸಂಘವು ಪಕ್ಷಿವಲಸೆಯ ಅಧ್ಯಯನವನ್ನು ಆರಂಭಿಸಿತು. ಅರುವತ್ತು ದಾಟಿದ್ದ ಅವರು ಭರತಪುರದ ಜೌಗಿನಲ್ಲಿ, ಕಚ್ಛಿನ ಬಯಲಿನಲ್ಲಿ ಶಿಬಿರ ಹೂಡಿದರು. ಹಕ್ಕಿ ಹಿಡಿಯುವುದನ್ನೇ ಕುಲವೃತ್ತಿಯಾಗಿ ಮಾಡಿಕೊಂಡಿದ್ದ ಬಿಹಾರದ ಮೀರ್‌ಶಿಕಾರಿಗಳು ಅವರ ಬಲಗೈಯಾದರು. ಮಂಜಿನಂತೆ ತೆಳುವಾದ ಬಲೆಗೆ ಬಿದ್ದ ಪ್ರತಿಯೊಂದು ಹಕ್ಕಿಯ ತೂಕ, ರೆಕ್ಕೆಯ ಉದ್ದ ಬರೆದುಕೊಂಡು, ಮೈಮೇಲಿನ ಉಣುಗು ತೆಗೆದು, ಮುಂಬಯಿಯ ಸಂಘದ ಹೆಸರಿದ್ದ ಉಂಗುರ ತೊಡಿಸಿ ಬಿಡುತ್ತಿದ್ದರು. ಕಾಲಾನಂತರದಲ್ಲಿ ಆ ಉಂಗುರಗಳ ಸುದ್ದಿ ದೂರದ ಸೋವಿಯತ್ ನಾಡುಗಳಿಂದಲೂ ಬಂದಿತು. ಮುಂದೆ ಈ ಕಾರ್ಯಕ್ಕೆ ಅಮೆರಿಕದ ಸೈನ್ಯದ ಒಂದು ವಿಭಾಗದಿಂದ ಹಣ ಬಂದುದರಿಂದ ಅವರೇ ಸಂಶಯಕ್ಕೂ ಕಟುಟೀಕೆಗೂ ಗುರಿಯಾದರು. ನೊಂದರೂ ಅವರು ಕೆಲಸ ಬಿಡಲಿಲ್ಲ.

ವಲಸೆ ಹಕ್ಕಿಗಳೇ ಮಲೆನಾಡಿಗೆ ರೋಗ ತಂದವೆಂದು ಯಾರೂ ಸಿದ್ಧಪಡಿಸಲು ಆಗಲಿಲ್ಲ. ಆದರೆ ಆ ಅಪವಾದವನ್ನು ಪರೀಕ್ಷಿಸಹೊರಟ ನೆವದಿಂದಲೇ, ಯಾವ ಹಕ್ಕಿ ಎಲ್ಲಿಂದ ಬರುತ್ತದೆ, ಎಂದು ಬರುತ್ತದೆ, ಮತ್ತೆ ಅದೇ ನೆಲೆಗೆ ಮರಳುತ್ತದೆಯೇ ಎಂಬ ಅಮೂಲ್ಯ ತಿಳಿವಳಿಕೆ ದೇಶಕ್ಕೆ ಲಭಿಸಿತು. ಪರಸ್ಥಳದಿಂದ ಬಂದವರ ಮೇಲೆ ಆರೋಪ ಹೊರಿಸುವುದು ಸುಲಭ. ಒಬ್ಬೊಬ್ಬರನ್ನೇ ಹತ್ತಿರದಿಂದ ನೋಡಿ ನಿಜವನ್ನು ತಿಳಿಯುವುದು ಕಷ್ಟ. ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡಿಲ್ಲನ್ ರಿಪ್ಲೆಯವರೊಡನೆ ಅವರು ರಚಿಸಿದ ಪಕ್ಷಿಗ್ರಂಥದ ಹತ್ತು ಸಂಪುಟಗಳು 1968ರಿಂದ 1974ರ ಒಳಗೆ ಪ್ರಕಟವಾದವು. 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಯ ಸದಸ್ಯತ್ವ ಸಂದವು. 1987ನೆಯ ಜೂನ್ 20ರಂದು, ತೊಂಬತ್ತರ ಹಣ್ಣು ವಯಸ್ಸಿನಲ್ಲಿ ಅವರು ತೀರಿಕೊಂಡರು. ತಮ್ಮ ಆತ್ಮಕಥೆಯ ಹೆಸರಿನಲ್ಲಿ ಅವರು ನೆನೆದದ್ದು ಬಾಲ್ಯದಲ್ಲಿ ಬಿದ್ದ ಆ ಒಂದು ಗುಬ್ಬಿಯನ್ನೇ.

ಅವರ ಜನ್ಮದಿನವೂ ನಮ್ಮ ನಾಡಹಬ್ಬದ ಈ ತಿಂಗಳಲ್ಲಿಯೇ ಬರುತ್ತದೆ. ಮನೆಯ ಮಕ್ಕಳನ್ನು ಒಂದು ಬೆಳಿಗ್ಗೆ ಹತ್ತಿರದ ಉದ್ಯಾನಕ್ಕೆ ಕರೆದೊಯ್ದು, ಬಾಲ ಕುಣಿಸುವ ಆ ಪುಟ್ಟ ಅತಿಥಿಯನ್ನು ತೋರಿಸೋಣ. ಕಂಡ ದಿನವನ್ನು ಪುಸ್ತಕದಲ್ಲಿ ಬರೆದಿಡಲು ಹೇಳೋಣ. ಮರುವರ್ಷ ಅದೇ ಹುಲ್ಲಿನ ಮೇಲೆ ಸಿಪಿಲೆಯನ್ನು ಮತ್ತೆ ಕಂಡ ಮಗು ಸಲೀಂ ಅಲಿಯವರನ್ನು ಮರೆಯಲಾರದು.