ಇಂಗ್ಲಿಷಿನಲ್ಲೇ ಫೇಲಾದ ಲೇಖಕ

ಒಂದೇ ಗಣಿತದ ಪೇಪರಿನಲ್ಲಿ ನಾನು ಎರಡು ಸಲ ಫೇಲಾಗಿದ್ದೇನೆ. ಎರಡನೇ ಫಲಿತಾಂಶ ಬಂದ ರಾತ್ರಿ ಶ್ರೀಗಂಧದ ಕಾವಲ್‌ನ ನಮ್ಮ ಮನೆಯ ಟೆರೇಸಿನಿಂದ ಊಟಕ್ಕೂ ಇಳಿದಿರಲಿಲ್ಲ. ಆ ವಾರ ಓದಿದ್ದು ಆರ್.ಕೆ. ನಾರಾಯಣ್ ಅವರ ಬದುಕನ್ನು. ಅವರು 2001ರಲ್ಲೇ ತೀರಿಕೊಂಡರು, ಆಗ ನಾನಿನ್ನೂ ಹುಟ್ಟಿರಲಿಲ್ಲ. ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದ ಹೆಸರಷ್ಟೇ ಗೊತ್ತಿತ್ತು.

1906ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಅವರು ಹೈಸ್ಕೂಲು ಓದಿದ್ದು ಮೈಸೂರಿನಲ್ಲಿ. ಅಪ್ಪನೇ ಅಲ್ಲಿ ಹೆಡ್‌ಮಾಸ್ಟರ್. ಅಂಥವರ ಮಗ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾದ. ಯಾವ ವಿಷಯದಲ್ಲಿ ಗೊತ್ತೇ? ಇಂಗ್ಲಿಷಿನಲ್ಲಿ! ಒಂದು ವರ್ಷ ಮನೆಯಲ್ಲೇ ಇರಬೇಕಾಯಿತು. ಹೆಡ್‌ಮಾಸ್ಟರನ್ನು ದಾರಿಯಲ್ಲಿ ತಡೆದು ಮಗನ ಬಗ್ಗೆ ಎಷ್ಟು ಜನ ವಿಚಾರಿಸಿರಬಹುದು? ನಮ್ಮ ಬೀದಿಯಲ್ಲಿ ನನ್ನಪ್ಪನನ್ನು ಕೇಳುವವರನ್ನು ನೋಡಿದ್ದೇನಲ್ಲ, ಊಹಿಸಬಲ್ಲೆ. ಹುಡುಗ ಮಾತ್ರ ಕುಕ್ಕರಹಳ್ಳಿ ಕೆರೆಯ ಕಡೆ ಹೋಗಿ ಕವಿತೆ ಓದುತ್ತಿದ್ದ, ಬರೆಯುತ್ತಿದ್ದ. 1926ರಲ್ಲಿ ಪಾಸಾಗಿ ಮಹಾರಾಜ ಕಾಲೇಜು ಸೇರಿದ. ಮೂರು ವರ್ಷದ ಬಿ.ಎ.ಗೆ ನಾಲ್ಕು ವರ್ಷ ಹಿಡಿಯಿತು.

ಡಿಗ್ರಿ ಬಂದ ಮೇಲಾದರೂ ನೆಟ್ಟಗಾಯಿತೇ? ಚನ್ನಪಟ್ಟಣದ ಸರ್ಕಾರಿ ಶಾಲೆಯಲ್ಲಿ ಸಿಕ್ಕ ಮೇಷ್ಟ್ರ ಕೆಲಸವನ್ನು ಕೆಲವೇ ದಿನಗಳಲ್ಲಿ ಬಿಟ್ಟು ಬಂದರು. (ಈ ಭಾಗವನ್ನು ಅಮ್ಮನಿಗೆ ಹೇಳಿಲ್ಲ.) ಕಾದಂಬರಿ ಬರೆದರು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹಸ್ತಪ್ರತಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ತಿರಸ್ಕರಿಸಿದರು. ಬೇಸತ್ತು, ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡುವಂತೆ ಆಕ್ಸ್‌ಫರ್ಡ್‌ನಲ್ಲಿದ್ದ ಗೆಳೆಯನಿಗೆ ತಿಳಿಸಿದರು. ಗೆಳೆಯ ಪುಣ್ಯಾತ್ಮ, ಹಾಗೆ ಮಾಡದೆ ಕಾದಂಬರಿಕಾರ ಗ್ರಹಾಂ ಗ್ರೀನ್‌ಗೆ ತೋರಿಸಿದ. ಗ್ರೀನ್ ಪ್ರಕಾಶಕರನ್ನು ಹುಡುಕಿಕೊಟ್ಟರು. 1935ರಲ್ಲಿ ಪುಸ್ತಕ ಹೊರಬಂತು.

1939ರಲ್ಲಿ ಹೆಂಡತಿ ರಾಜಂ ಟೈಫಾಯ್ಡ್‌ನಿಂದ ತೀರಿಕೊಂಡರು. ಪುಟ್ಟ ಮಗಳು ಉಳಿದಳು. ಆ ದುಃಖವೇ 1945ರಲ್ಲಿ ಕಾದಂಬರಿಯಾಯಿತು. ಇಂಗ್ಲಿಷಿನಲ್ಲಿ ಫೇಲಾಗಿ, ಮೇಷ್ಟ್ರ ಕೆಲಸದಿಂದ ಓಡಿಬಂದವರು ಅದಕ್ಕಿಟ್ಟ ಹೆಸರು ‘ದಿ ಇಂಗ್ಲಿಷ್ ಟೀಚರ್’. ‘ದಿ ಗೈಡ್’ಗೆ 1960ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮುಪ್ಪಿನಲ್ಲಿ ರಾಜ್ಯಸಭೆಗೆ ನಾಮಕರಣಗೊಂಡಾಗ ಮೊದಲ ಭಾಷಣದಲ್ಲೇ ಎತ್ತಿದ್ದು ಶಾಲಾ ಮಕ್ಕಳ ಪುಸ್ತಕದ ಹೊರೆಯ ವಿಷಯ. ಯಶಪಾಲ್ ಸಮಿತಿ ರಚನೆಯಾಗಿದ್ದು ಅದರಿಂದಲೇ.

ಒಂದು ಮಾತು ಒಪ್ಪಿಕೊಳ್ಳಬೇಕು. ವರ್ಷವಿಡೀ ಕವಿತೆ ಓದುತ್ತಾ ಕೂರುವ ಅನುಕೂಲ ಅವರಿಗಿತ್ತು. ನನ್ನ ಓದಿನ ಸಾಲದ ಕಂತು ಮುಂದಿನ ವರ್ಷ ಶುರುವಾಗುತ್ತದೆ. ಆದರೂ ಆ ರಾತ್ರಿಯ ನಂತರ ಅಪ್ಪನ ಮುಖ ನೋಡಿ ಮಾತಾಡಲು ಆಗಿದ್ದು ಈ ಹೆಡ್‌ಮಾಸ್ಟರ ಮಗನ ಕಥೆ ಹೇಳುವ ನೆಪದಲ್ಲೇ. ಅಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮರುಪರೀಕ್ಷೆಯ ಫೀಸು ಎಷ್ಟು ಎಂದು ಕೇಳಿದರು.