ಒಂದೇ ಕೈಯಿಂದ ಕಿಣ್ವದ ಗುಟ್ಟು ಬಿಡಿಸಿದ ಜೇಮ್ಸ್ ಸಮ್ನರ್



ಬಹುತೇಕ ಎಲ್ಲ ಕಿಣ್ವಗಳೂ ಪ್ರೋಟೀನುಗಳು ಎಂದು ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಓದುತ್ತೇವೆ. ಒಂದು ಅಂಕದ ಪ್ರಶ್ನೆಗೆಂದು ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ. ಇದನ್ನು ಮೊದಲು ತೋರಿಸಿಕೊಡಲು ಒಬ್ಬ ವಿಜ್ಞಾನಿ ಒಂಬತ್ತು ವರ್ಷ ದುಡಿದರು. ಅವರೇ ಜೇಮ್ಸ್ ಬಿ. ಸಮ್ನರ್.

ಸಮ್ನರ್ ಹುಟ್ಟಿದ್ದು 1887ರ ನವೆಂಬರ್ 19ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ. 17ನೇ ವಯಸ್ಸಿನಲ್ಲಿ ಗೆಳೆಯನೊಂದಿಗೆ ಬೇಟೆಗೆ ಹೋದಾಗ ಆಕಸ್ಮಿಕವಾಗಿ ಸಿಡಿದ ಗುಂಡು ಅವರ ಎಡಗೈಗೆ ತಗುಲಿತು. ಮೊಣಕೈ ಕೆಳಗಿನ ಭಾಗವನ್ನು ಕತ್ತರಿಸಬೇಕಾಯಿತು. ಅವರು ಎಡಚರು ಎಂಬುದು ಇನ್ನೂ ದೊಡ್ಡ ಕಷ್ಟ. ಬಲಗೈಯಲ್ಲಿ ಬರೆಯುವುದನ್ನೂ ಎಲ್ಲ ಕೆಲಸ ಮಾಡುವುದನ್ನೂ ಹೊಸದಾಗಿ ಕಲಿತರು. ಟೆನಿಸ್ ಕೂಡ ಆಡಿದರು.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1910ರಲ್ಲಿ ಪದವಿ ಪಡೆದು, ಎರಡು ವರ್ಷದ ಬಳಿಕ ಜೀವರಸಾಯನಶಾಸ್ತ್ರ ಕಲಿಯಲು ಪ್ರೊ. ಆಟೋ ಫೋಲಿನ್ ಬಳಿ ಹೋದರು. ಒಂದು ಕೈಯವರಿಗೆ ರಸಾಯನಶಾಸ್ತ್ರ ಆಗಿಬರದು, ಕಾನೂನು ಓದುವುದು ಒಳ್ಳೆಯದು ಎಂದು ಫೋಲಿನ್ ಬುದ್ಧಿ ಹೇಳಿದರಂತೆ. ಸಮ್ನರ್ ಬಿಡಲಿಲ್ಲ. 1914ರಲ್ಲಿ ಅಲ್ಲಿಯೇ ಪಿಎಚ್.ಡಿ. ಪಡೆದು, ಅದೇ ವರ್ಷ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು.

ಅಲ್ಲಿ ಪಾಠದ ಹೊರೆ ಹೆಚ್ಚು, ಉಪಕರಣ ಕಡಿಮೆ. ಆದರೂ 1917ರಲ್ಲಿ ದೊಡ್ಡ ಕೆಲಸಕ್ಕೇ ಕೈ ಹಾಕಿದರು: ಒಂದು ಕಿಣ್ವವನ್ನು ಶುದ್ಧ ರೂಪದಲ್ಲಿ ಬೇರ್ಪಡಿಸುವುದು. ಆಯ್ದುಕೊಂಡದ್ದು ಯೂರಿಯೇಸ್. ನಮ್ಮ ಭಾಗದ ಕಬ್ಬಿನ ಹೊಲಗಳಿಗೆ ಹಾಕುವ ಯೂರಿಯಾ ಗೊಬ್ಬರವನ್ನು ಮಣ್ಣಿನಲ್ಲಿ ಅಮೋನಿಯಾ ಆಗಿ ಒಡೆಯುವುದು ಇದೇ ಕಿಣ್ವ. ಜಾಕ್ ಬೀನ್ ಎಂಬ ಅವರೆಯಂಥ ಕಾಳಿನಲ್ಲಿ ಅದು ಹೇರಳವಾಗಿದೆ. ಕಾಳಿನ ಹಿಟ್ಟಿನಿಂದ ರಸ ತೆಗೆಯುವುದು, ಸೋಸುವುದು, ತಣ್ಣಗಿಡುವುದು, ಸೋಲುವುದು, ಮತ್ತೆ ಶುರು ಮಾಡುವುದು. ಹೀಗೆಯೇ ವರ್ಷಗಳು ಹೋದವು.

1926ರಲ್ಲಿ ನೀರು ಬೆರೆಸಿದ ಅಸಿಟೋನಿನಲ್ಲಿ ಹಿಟ್ಟನ್ನು ಕಲಸಿ, ಸೋಸಿದ ರಸವನ್ನು ರಾತ್ರಿಯಿಡೀ ತಣ್ಣಗಿಟ್ಟರು. ಮರುದಿನ ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಪುಟ್ಟ ಹರಳುಗಳು ಕಂಡವು. ಪರೀಕ್ಷಿಸಿದರೆ ಅವು ಪ್ರೋಟೀನ್. ನೀರಿನಲ್ಲಿ ಕರಗಿಸಿದರೆ ಯೂರಿಯಾವನ್ನು ಬಲು ಚುರುಕಾಗಿ ಒಡೆದವು. ಅಂದರೆ ಕಿಣ್ವವೇ ಪ್ರೋಟೀನ್!

ಹೆಚ್ಚಿನವರು ನಂಬಲಿಲ್ಲ. 1915ರಲ್ಲಿ ನೊಬೆಲ್ ಪಡೆದಿದ್ದ ಜರ್ಮನಿಯ ರಿಚರ್ಡ್ ವಿಲ್‌ಸ್ಟಾಟರ್, ಪ್ರೋಟೀನ್ ಕೇವಲ ಹೊತ್ತೊಯ್ಯುವ ವಸ್ತು, ನಿಜವಾದ ಕಿಣ್ವ ಬೇರೆಯೇ ಇದೆ ಎಂದು ವಾದಿಸಿದರು. ಸಮ್ನರ್ ವಾಗ್ವಾದಕ್ಕಿಂತ ಪ್ರಯೋಗವನ್ನೇ ನಂಬಿ ಪುರಾವೆ ಒದಗಿಸುತ್ತ ಹೋದರು. 1930ರಲ್ಲಿ ಜಾನ್ ನಾರ್ತ್ರಾಪ್ ಪೆಪ್ಸಿನ್ ಕಿಣ್ವವನ್ನೂ ಹರಳಾಗಿಸಿದಾಗ ಗಾಳಿ ತಿರುಗಿತು. 1946ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧ ಭಾಗ ಸಮ್ನರ್‌ಗೆ, ಉಳಿದರ್ಧ ನಾರ್ತ್ರಾಪ್ ಮತ್ತು ವೆಂಡೆಲ್ ಸ್ಟ್ಯಾನ್ಲಿ ಅವರಿಗೆ ಸಂದಿತು. 1955ರ ಆಗಸ್ಟ್ 12ರಂದು ಸಮ್ನರ್ ತೀರಿಕೊಂಡರು.

ಅವರು ಕಂಡುಕೊಂಡ ಸತ್ಯ ಇಂದಿನ ಪ್ರಯೋಗಾಲಯಗಳಲ್ಲಿ ದಿನನಿತ್ಯ ಎದುರಾಗುತ್ತದೆ. ರಕ್ತದಲ್ಲೋ ಜೀವಕೋಶದಲ್ಲೋ ಯಾವ ಯಾವ ಪ್ರೋಟೀನುಗಳಿವೆ ಎಂದು ತಿಳಿಯಲು ವಿಜ್ಞಾನಿಗಳು ಮಾಸ್ ಸ್ಪೆಕ್ಟ್ರೋಮೀಟರ್ ಬಳಸುತ್ತಾರೆ. ಅದು ಅಣುಗಳ ತೂಕ ಅಳೆಯುವ ಯಂತ್ರ. ಇಡೀ ಪ್ರೋಟೀನಿಗಿಂತ ಅದರ ಚಿಕ್ಕ ತುಂಡುಗಳನ್ನು ತೂಗುವುದು ಸುಲಭ. ಹಾಗೆ ತುಂಡರಿಸುವ ಕತ್ತರಿಯೇ ಟ್ರಿಪ್ಸಿನ್ ಎಂಬ ಜೀರ್ಣಕಾರಿ ಕಿಣ್ವ. ಅದು ಲೈಸಿನ್ ಮತ್ತು ಆರ್ಜಿನಿನ್ ಎಂಬ ಅಮೈನೋ ಆಮ್ಲಗಳ ಬಳಿ ಮಾತ್ರ ಕತ್ತರಿಸುತ್ತದೆ.

ತೊಡಕು ಇಲ್ಲೇ ಇದೆ. ಟ್ರಿಪ್ಸಿನ್ ಸ್ವತಃ ಪ್ರೋಟೀನ್ ಆದ್ದರಿಂದ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಆ ತುಂಡುಗಳೂ ಮಾದರಿಯಲ್ಲಿ ಬೆರೆಯುತ್ತವೆ. ಅದಕ್ಕೇ ಸ್ವಲ್ಪವೇ ಟ್ರಿಪ್ಸಿನ್ ಹಾಕಿ, ಸಾಮಾನ್ಯವಾಗಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಕಾಯಬೇಕಾಗುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಕಿಣ್ವವನ್ನು ಕಟ್ಟಿಹಾಕುವುದು. ಸಿಲಿಕಾ ಅಥವಾ ಪಾಲಿಮರ್‌ನ ಸಣ್ಣ ಮಣಿಗಳ ಮೇಲೆ ಟ್ರಿಪ್ಸಿನ್ ಅಣುಗಳನ್ನು ಬಂಧಿಸಿ ಕಿರಿದಾದ ಕೊಳವೆಯಲ್ಲಿ ತುಂಬುತ್ತಾರೆ. ನಿಂತಲ್ಲೇ ನಿಂತ ಅಣುಗಳು ಒಂದನ್ನೊಂದು ಕತ್ತರಿಸುವುದು ಬಹಳ ಕಡಿಮೆ. ಹೀಗಾಗಿ ಹೆಚ್ಚು ಕಿಣ್ವವನ್ನು ತುಂಬಬಹುದು. ಪ್ರೋಟೀನ್ ದ್ರಾವಣವನ್ನು ಹಾಯಿಸಿದರೆ ಕೆಲವೇ ನಿಮಿಷಗಳಲ್ಲಿ ತುಂಡುಗಳು ಹೊರಬರುತ್ತವೆ. ಕಿಣ್ವ ಕೊಳವೆಯಲ್ಲೇ ಉಳಿದು ಮುಂದಿನ ಮಾದರಿಗೂ ಒದಗುತ್ತದೆ.

ಮಿತ್ರರೇ, ನಮ್ಮ ಪುಸ್ತಕದ ಆ ಒಂದು ವಾಕ್ಯದ ಹಿಂದೆ ಇಷ್ಟೆಲ್ಲ ಇದೆ. ನಿನ್ನಿಂದ ಇದು ಆಗದು ಎಂದು ಯಾರಾದರೂ ಹೇಳಿದಾಗ, ಅವರು ನಮ್ಮ ಒಳಿತಿಗೇ ಹೇಳಿರಬಹುದು. ಆದರೆ ಪ್ರಯತ್ನಿಸಿ ನೋಡುವ ಮೊದಲೇ ಅದನ್ನು ಒಪ್ಪಿಕೊಳ್ಳಬೇಕಿಲ್ಲ. ಮುಂದಿನ ಬಾರಿ ಕಿಣ್ವಗಳ ಪಾಠ ಓದುವಾಗ ಸಮ್ನರ್ ಅವರನ್ನು ನೆನೆಯೋಣ.