ಚಳಿಯ ಬೆಳಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ

ಮಕ್ಕಳೇ, ಪುಣೆಯಿಂದ ದಿವೆ ಘಾಟ್ ಹತ್ತಿ ಬಂದರೆ ಸಾಸವಡ ಸಿಗುತ್ತದೆ. ಕರ್ಹಾ ನದಿಯ ದಂಡೆಯ ಊರು. ಸಂತ ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ ಇಲ್ಲಿದೆ. ಆಳಂದಿಯಿಂದ ಪಂಢರಪುರಕ್ಕೆ ಹೊರಟ ಜ್ಞಾನೇಶ್ವರರ ಪಲ್ಲಕ್ಕಿ ಪ್ರತಿವರ್ಷ ಇಲ್ಲಿ ತಂಗುತ್ತದೆ. ಸುತ್ತಲಿನ ಪುರಂದರ ತಾಲ್ಲೂಕಿನ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಮಳೆ ಕಡಿಮೆ ಬೀಳುವ ಈ ಸೀಮೆಯಲ್ಲಿ ಚೆನ್ನಾಗಿ ಬೆಳೆಯುವ ಇನ್ನೊಂದು ಬೆಳೆ ಸಜ್ಜೆ. ಚಳಿ ಬಿತ್ತೆಂದರೆ ಇಲ್ಲಿನ ಒಲೆಗಳ ಮೇಲೆ ಸಜ್ಜೆ ರೊಟ್ಟಿ, ಅದೇ ಹೊತ್ತಿಗೆ ವಿಜಯಪುರ, ಬಾಗಲಕೋಟೆಯ ಒಲೆಗಳ ಮೇಲೂ ಅದೇ ರೊಟ್ಟಿ.

ಚಳಿಯಲ್ಲಿ ಯಾಕೆ ಇಷ್ಟು ಹಸಿವಾಗುತ್ತದೆ ಎಂದು ನೀವು ಅಮ್ಮನನ್ನು ಕೇಳಿರಬಹುದು. ಆಯುರ್ವೇದದ ಗ್ರಂಥವಾದ ಚರಕ ಸಂಹಿತೆಯ ಸೂತ್ರಸ್ಥಾನದ 6ನೇ ಅಧ್ಯಾಯದಲ್ಲಿ ಇದಕ್ಕೊಂದು ಸೊಗಸಾದ ವಿವರಣೆ ಇದೆ. ಹೊರಗಿನ ತಣ್ಣನೆಯ ಗಾಳಿ ಮೈಯ ಬಿಸಿಯನ್ನು ಒಳಗೇ ತಡೆದು ನಿಲ್ಲಿಸುತ್ತದೆ, ಆಗ ಹೊಟ್ಟೆಯ ಅಗ್ನಿ ಜೋರಾಗುತ್ತದೆ. ಅದಕ್ಕೆ ಗಟ್ಟಿಯಾದ, ಜಿಡ್ಡಿನ ಊಟ ಹಾಕಬೇಕು. ಹಾಕದಿದ್ದರೆ ಅದು ಮೈಯ ಸಾರವನ್ನೇ ತಿನ್ನತೊಡಗುತ್ತದೆ. ಅದಕ್ಕೇ ಚಳಿಯ ದಿನ ಬರೀ ಒಂದು ಲೋಟ ತಣ್ಣನೆಯ ಹಾಲು ಕುಡಿದು ಶಾಲೆಗೆ ಓಡುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಹಿರಿಯರ ಲೆಕ್ಕದಲ್ಲಿ ಸಜ್ಜೆ ಉಷ್ಣ, ಆದರೆ ಒಣ. ಆದ್ದರಿಂದ ಮೇಲೆ ಎಳ್ಳು, ತಿನ್ನುವಾಗ ಬೆಣ್ಣೆ ಅಥವಾ ತುಪ್ಪ, ಪಕ್ಕಕ್ಕೊಂದು ಬೆಲ್ಲದ ತುಂಡು. ಸಂಕ್ರಾಂತಿಯ ಹಿಂದಿನ ದಿನ, ಭೋಗಿಯಂದು, ಉತ್ತರ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಈ ರೊಟ್ಟಿ ಆಗಲೇಬೇಕು. ಸಾಸವಡದ ಹತ್ತಿರವೇ ಇರುವ ಜೇಜುರಿಯ ಖಂಡೋಬನಿಗೂ ಸಜ್ಜೆ ಎಂದರೆ ಪ್ರೀತಿ. ಮಾರ್ಗಶಿರದ ಚಂಪಾಷಷ್ಠಿಗೆ ಅವನ ಎಡೆಯಲ್ಲಿ ಸಜ್ಜೆಯ ರೊಟ್ಟಿ, ಬದನೆಕಾಯಿ ಭರ್ತ ಇರುತ್ತವೆ. ಈ ಖಂಡೋಬ ಬೇರೆ ಯಾರೂ ಅಲ್ಲ, ನಮ್ಮ ಮೈಲಾರಲಿಂಗನೇ.

ಈಗ ರೊಟ್ಟಿ ಮಾಡೋಣ. ಒಲೆಯ ಹತ್ತಿರ ದೊಡ್ಡವರೊಬ್ಬರು ಇರಲಿ. ಸಜ್ಜೆ ಹಿಟ್ಟಿಗೆ ಚಿಟಿಕೆ ಉಪ್ಪು ಹಾಕಿ, ಕುದಿಯುವ ನೀರು ಸುರಿದು ಮೊದಲು ಚಮಚದಿಂದ ಕಲೆಸಿ. ಗೋಧಿಯಲ್ಲಿರುವ ಅಂಟು ಸಜ್ಜೆಯಲ್ಲಿಲ್ಲ, ಹಿಟ್ಟನ್ನು ಹಿಡಿದಿಡುವುದು ಈ ಬಿಸಿನೀರೇ. ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಇಲ್ಲಿ ಅವಸರ ಮಾಡಬೇಡಿ. ಉಂಡೆಯನ್ನು ಮೆಲ್ಲಗೆ ಅದುಮಿದಾಗ ಅಂಚು ಸೀಳಿದರೆ ಇನ್ನೂ ನಾದಬೇಕು ಎಂದರ್ಥ. ನೀರು ಚಿಮುಕಿಸಿ ಮತ್ತೆ ನಾದಿ. ಆಮೇಲೆ ಒಣ ಹಿಟ್ಟು ಹರಡಿ, ಉಂಡೆ ಇಟ್ಟು, ಒಂದು ಕೈಯಿಂದ ಬಡಿಯುತ್ತ ಇನ್ನೊಂದು ಕೈಯಿಂದ ಅಂಚು ಕಾಯುತ್ತ ತಿರುಗಿಸಿ. ಅಂಗೈ ಅಗಲವಾದರೂ ಸಾಕು, ಮೊದಲ ರೊಟ್ಟಿ ದೊಡ್ಡದಾಗಬೇಕಿಲ್ಲ. ಮೇಲೆ ಬಿಳಿ ಎಳ್ಳು ಉದುರಿಸಿ ಮತ್ತೆರಡು ಬಾರಿ ಬಡಿಯಿರಿ.

ಎಳ್ಳಿನ ಮೈ ಕೆಳಗಾಗುವಂತೆ ಕಾದ ಹಂಚಿಗೆ ಹಾಕಿ. ಮೇಲೆ ಬಂದ ಹಿಟ್ಟಿನ ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ. ಆ ಹಸಿ ಆರುತ್ತಿದ್ದಂತೆ ತಿರುವಿ. ಎರಡೂ ಮೈ ಬೆಂದ ಮೇಲೆ ನೇರ ಉರಿಗೆ ಹಿಡಿದರೆ ರೊಟ್ಟಿ ಉಬ್ಬುತ್ತದೆ, ಎಳ್ಳು ಚಟಪಟ ಸಿಡಿಯುತ್ತದೆ. ಬಿಸಿ ಇರುವಾಗಲೇ ಬೆಣ್ಣೆ ಹಚ್ಚಿ, ಬೆಲ್ಲದ ಜೊತೆ ತಿನ್ನಿ. ಶೀತವಾಗಿದ್ದರೆ ಬೆಲ್ಲಕ್ಕೆ ಚೂರು ಶುಂಠಿ ಪುಡಿ ಸೇರಿಸಬಹುದು.

ನೀವು ಪರದೇಶದಲ್ಲಿದ್ದರೆ, ಅಲ್ಲಿನ ಅಂಗಡಿಯಲ್ಲಿ ಹಿಟ್ಟು ಕೊಳ್ಳುವಾಗ ಅಪ್ಪ ಅಮ್ಮ ದಿನಾಂಕ ನೋಡಲಿ. ಸಜ್ಜೆಯಲ್ಲಿ ಎಣ್ಣೆಯ ಅಂಶ ಹೆಚ್ಚು, ಬೀಸಿದ ಹಿಟ್ಟು ಬೇಗ ಕಹಿಯಾಗುತ್ತದೆ. ತಂದದ್ದನ್ನು ಫ್ರೀಜರ್‌ನಲ್ಲಿಡಿ.

ಇನ್ನು ಮೆಲ್ಬರ್ನ್, ಸಿಡ್ನಿಯ ಮಕ್ಕಳಿಗೆ ಒಂದು ಮಾತು. ನಿಮ್ಮಲ್ಲಿ ಸಂಕ್ರಾಂತಿ ಬರುವುದು ಸುಡುವ ಬೇಸಿಗೆಯಲ್ಲಿ. ಆ ದಿನ ಹಬ್ಬಕ್ಕೆಂದು ಒಂದೇ ಒಂದು ಸಜ್ಜೆ ರೊಟ್ಟಿ ಮಾಡಿ, ಉಳಿದವು ಜೋಳದವಿರಲಿ. ಸಜ್ಜೆಯನ್ನು ಜೂನ್, ಜುಲೈನ ಚಳಿಗೆ ತೆಗೆಯಿರಿ.